ಬೆಳಕು ಬಿಟ್ಟು ಸದ್ದು ಕೇಳುವುದು

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಕೇಳುಗರಿಗೆ ಇವತ್ತು ನನ್ನ ಹಳೇ ಹುಚ್ಚೊಂದರ ಕಥೆ ಹೇಳುತ್ತೇನೆ.

ಟೆಲಿಫೋನಿನ ಗ್ರಹಾಂ ಬೆಲ್ ಗೊತ್ತಲ್ಲ? 1880ರಲ್ಲಿ ಆತ ಮತ್ತು ಸಹಾಯಕ ಟೈಂಟರ್ ವಾಷಿಂಗ್ಟನ್ನಿನಲ್ಲಿ ತಂತಿಯೇ ಇಲ್ಲದೆ, ಬರೀ ಬಿಸಿಲಿನ ಮೇಲೆ ಮಾತು ಕಳಿಸಿದರು. ಶಾಲೆಯೊಂದರ ಮಾಳಿಗೆಯಿಂದ ಸುಮಾರು 213 ಮೀಟರ್ ದೂರಕ್ಕೆ! ಯಂತ್ರದ ಹೆಸರು ಫೋಟೋಫೋನ್. ಅದರ ಮೇಲೆ ಎಂಥ ಮೋಹ ಅಂದರೆ, ಆಗತಾನೇ ಹುಟ್ಟಿದ ಮಗಳಿಗೂ ಅದೇ ಹೆಸರಿಡಲು ಹೊರಟ ಪುಣ್ಯಾತ್ಮ. ಹೆಂಡತಿ ಮೇಬಲ್ ಒಪ್ಪಲಿಲ್ಲ. ಮಗು ಮೇರಿಯನ್ ಆಗಿ ಬಚಾವಾಯಿತು.

ಆ ಪ್ರಯೋಗಗಳ ನಡುವೆ ಇನ್ನೊಂದು ಸೋಜಿಗ ಸಿಕ್ಕಿತು. ತೂತಿನ ಚಕ್ರ ತಿರುಗಿಸಿ ಬಿಸಿಲನ್ನು ತುಂಡು ತುಂಡಾಗಿ ಬಿಟ್ಟರೆ, ಅದು ಬಿದ್ದ ವಸ್ತುವೇ ದನಿ ತೆಗೆಯುತ್ತದೆ. ಬೆಳಕು ಹೀರಿ ಬಿಸಿಯಾಗುತ್ತದೆ, ಮತ್ತೆ ತಣಿಯುತ್ತದೆ. ಮೇಲಿನ ಗಾಳಿ ಹಿಗ್ಗಿ ಕುಗ್ಗುತ್ತದೆ. ಎಲ್ಲಕ್ಕಿಂತ ಜೋರಾಗಿ ಕೂಗಿದ್ದು ದೀಪದ ಕಾಡಿಗೆ. ಈ ಸದ್ದು ಅಳೆಯುವ ಈಗಿನ ಯಂತ್ರಗಳನ್ನು ತಾಳೆ ನೋಡುವುದಕ್ಕೂ ಇಂಗಾಲದ ಕಪ್ಪುಪುಡಿಯೇ ಬೇಕು!

ಆಮೇಲೆ, ಅನಿಲಗಳ ಕೆಲಸ ಒಂದಿಷ್ಟು ನಡೆದದ್ದು ಬಿಟ್ಟರೆ, ತೊಂಬತ್ತು ವರ್ಷ ಕೇಳುವವರಿಲ್ಲ. 1973ರಲ್ಲಿ ಬೆಲ್ ಹೆಸರಿನದೇ ಪ್ರಯೋಗಾಲಯದಲ್ಲಿ ಅಲನ್ ರೋಸೆನ್‌ಸ್ವೈಗ್ ಅದನ್ನು ತಟ್ಟಿ ಎಬ್ಬಿಸಿದರು. 1976ರಲ್ಲಿ ಗೆರ್ಶೋ ಜೊತೆ ಸೇರಿ ಆ ಸದ್ದು ಹುಟ್ಟುವ ಬಗೆಗೆ ಲೆಕ್ಕ ಕಟ್ಟಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಸಿ.ಎನ್.ಆರ್. ರಾವ್ ಮತ್ತು ಪಿ. ಗಂಗೂಲಿ 1980ರ ದಶಕದಲ್ಲಿ ಘನವಸ್ತುಗಳನ್ನು ಹೀಗೆ ಪರೀಕ್ಷಿಸಿದರು. ಮಂಡ್ಯದಿಂದ ನೂರು ಕಿಲೋಮೀಟರು! ನಾನು ಓದುವಾಗ ಯಾವ ಮೇಷ್ಟರೂ ಇದನ್ನು ಹೇಳಲಿಲ್ಲವಲ್ಲ ಎಂಬ ಕೊರಗು ಇನ್ನೂ ಹೋಗಿಲ್ಲ.

ಈಗ ಅಸಲು ಚಮತ್ಕಾರಕ್ಕೆ ಬರೋಣ. ಬಿಸಿಲಿನ ಬದಲು ಅವಕೆಂಪು, ಅಂದರೆ ಇನ್‌ಫ್ರಾರೆಡ್ ಬೆಳಕು ಬಿಡಿ. ಮೇಣ, ಪ್ಲಾಸ್ಟಿಕ್, ಬಣ್ಣ, ಒಂದೊಂದೂ ತನಗೊಗ್ಗುವ ಅಲೆಯನ್ನಷ್ಟೇ ಹೀರಿ ಸದ್ದು ಮಾಡುತ್ತದೆ. ಬೆಳಕನ್ನು ಸೆಕೆಂಡಿಗೆ ಸಾವಿರ ಸಲ ಕತ್ತರಿಸಿದರೆ ಪ್ಲಾಸ್ಟಿಕ್ಕಿನಲ್ಲಿ ಮೇಲಿನ ಐದಾರು ಮೈಕ್ರಾನ್ ಮಾತ್ರ ಕೇಳುತ್ತದೆ. ಹತ್ತೇ ಸಲಕ್ಕೆ ಇಳಿಸಿದರೆ ಐವತ್ತು ಮೈಕ್ರಾನ್ ಆಳ. ಜೋರು ಉರಿಯಲ್ಲಿ ಗಡಿಬಿಡಿಯಿಂದ ತೆಗೆದ ರಾಗಿ ರೊಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದಲ್ಲ, ಹಾಗೆ, ಶಾಖ ಓಡಾಡುವುದಕ್ಕೂ ಹೊತ್ತು ಬೇಕು. ಒಳಪದರದ ಸದ್ದು ಹೊರಡುವುದೇ ಚೂರು ತಡವಾಗಿ. ಆ ತಡವನ್ನು ಅಳೆದೇ ಪದರಗಳನ್ನು ಬಿಡಿಸಿ ಹೇಳುತ್ತಾರೆ. ಕೆರೆಯುವುದಿಲ್ಲ, ಪುಡಿ ಮಾಡುವುದಿಲ್ಲ.

ನನಗೊಂದು ಆಸೆ. ನಮ್ಮ ಕಬ್ಬಿನ ಗೆಣ್ಣಿನ ಕೆಳಗೆ ಬೂದಿಯಂತೆ ಕೂತಿರುವ ಬಿಳಿ ಮೇಣವನ್ನೂ ಅದರಡಿಯ ಸಿಪ್ಪೆಯನ್ನೂ ಹೀಗೆ ಕೇಳಬೇಕು. ರಸದ ತನಕ ಇದರ ಕಿವಿ ಮುಟ್ಟದು. ಅದಕ್ಕೆ ಜಲ್ಲೆ ಸಿಗಿಯಲೇಬೇಕು.