ವಕೀಲರ ಸನ್ನದು, ಮತದಾರರ ಸನ್ನದು

(ಬಳ್ಳಾರಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಬಳ್ಳಾರಿಯ ಗಿರಣಿಗಳಿಂದ, ಸಿರುಗುಪ್ಪದ ಅಕ್ಕಿ ಗಿರಣಿಗಳಿಂದ, ಕುರುಗೋಡಿನ ಅಂಗಡಿಗಳಿಂದ ದಿನದ ದುಡಿಮೆ ಮುಗಿಸಿ ಬಂದಿದ್ದೀರಿ. ವಕೀಲರೆಂದರೆ ಬಡವನಿಗೆ ಅವರ ಫೀಜಿನದೇ ಭಯ. ಇಂದು ಒಬ್ಬ ವಕೀಲರ ಕಥೆಯನ್ನೇ ಹೇಳುತ್ತೇನೆ. ಅವರು ನಮ್ಮ ಪಕ್ಷದವರಲ್ಲ, ಕಾಂಗ್ರೆಸ್ಸಿನವರು. ಆದರೂ ಅವರ ಬಾಳಿನಿಂದ ನಾವು ಕಲಿಯತಕ್ಕದ್ದುಂಟು.

ಎಸ್. ನಿಜಲಿಂಗಪ್ಪನವರು 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿದರು. ಆ ಹಳ್ಳಿ ಅಂದು ನಮ್ಮ ಬಳ್ಳಾರಿ ಜಿಲ್ಲೆಯದೇ. ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲಿಗೆ ನಿಂತರು. 1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದಿಂದ ಸರ್ಕಾರದ ಬೊಕ್ಕಸ ತುಂಬುತ್ತಿತ್ತು. ಕೂಲಿಯವನ ಮನೆಯಲ್ಲಿ ಒಲೆ ಆರುತ್ತಿತ್ತು. ನಿಜಲಿಂಗಪ್ಪನವರು ಮುಂದೆ ನಿಂತರು, ಸೆರೆಮನೆಗೆ ಹೋದರು. ಅವರ ವಕೀಲಿ ಸನ್ನದೇ ರದ್ದಾಯಿತು. ಅನ್ನದ ದಾರಿಯನ್ನೇ ಪಣವಿಟ್ಟ ಈ ತ್ಯಾಗವನ್ನು ವಿರೋಧ ಪಕ್ಷದವರಾದ ನಾವೂ ಮನಸಾರೆ ಒಪ್ಪಬೇಕು.

ಮುಂದೆ ಕರ್ನಾಟಕದ ಏಕೀಕರಣಕ್ಕಾಗಿ ದುಡಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪಗಳು ಮೈಸೂರಿಗೆ ಸೇರಿದವು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಹುಟ್ಟಿದಾಗ ಅದರ ಮೊದಲ ಮುಖ್ಯಮಂತ್ರಿ ಅವರೇ.

ಇಂಥವರು 1962ರ ಚುನಾವಣೆಯಲ್ಲಿ ಹೊಸದುರ್ಗದಲ್ಲಿ ಸೋತರು. ಗೆದ್ದವರು ಪ್ರಜಾ ಸೋಷಲಿಸ್ಟ್ ಪಕ್ಷದ ಜಿ. ಟಿ. ರಂಗಪ್ಪನವರು. ಸೋಲು ಅವಮಾನವಲ್ಲ. ಅಮೆರಿಕದಲ್ಲಿ ಅಬ್ರಹಾಂ ಲಿಂಕನ್ ಸಹ ಇಲಿನಾಯ್ ಸಂಸ್ಥಾನದ ಶಾಸನಸಭೆಗೆ ನಿಂತು 1832ರಲ್ಲಿ ಸೋತನು. 1834ರಿಂದ ನಾಲ್ಕು ಸಲ ಗೆದ್ದನು, ವಕೀಲನೂ ಆದನು. ಆದರೆ ಅವನು ಮತ್ತೆ ಜನರ ಮುಂದೆ ನಿಲ್ಲಲು ಎರಡು ವರ್ಷ ಕಾಯಬೇಕಾಯಿತು. ನಮ್ಮಲ್ಲಿ ಆದುದೇನು? ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಬಾಗಲಕೋಟೆಯ ಸ್ಥಾನ ತೆರವಾಯಿತು. ನಿಜಲಿಂಗಪ್ಪನವರು ಅಲ್ಲಿಂದ ಆಯ್ಕೆಯಾಗಿ ಅದೇ ಜೂನ್‌ನಲ್ಲಿ ಮತ್ತೆ ಗದ್ದುಗೆ ಏರಿದರು.

ಇದರಲ್ಲಿ ಕಾನೂನಿನ ತಪ್ಪಿಲ್ಲ. ಆದರೆ ಕೇಳುತ್ತೇನೆ: ಗಿರಣಿಯಲ್ಲಿ ಕೆಲಸ ಕಳೆದುಕೊಂಡ ಕೂಲಿಕಾರನಿಗೆ ಯಾವ ಬಾಗಲಕೋಟೆ ಇದೆ? ಸಾಲದಲ್ಲಿ ಮುಳುಗಿ ಬಾಗಿಲು ಹಾಕಿದ ಅಂಗಡಿಯವನಿಗೆ ತನ್ನ ಸ್ಥಾನ ಬಿಟ್ಟುಕೊಡುವವರು ಯಾರು?

ಅಂದು ವಕೀಲರ ಸನ್ನದನ್ನು ಕೋರ್ಟು ಕೊಡುತ್ತಿತ್ತು, ಕೋರ್ಟೇ ಕಸಿಯುತ್ತಿತ್ತು. ಶಾಸಕನ ಸನ್ನದನ್ನು ಕೊಡುವವರು ನೀವು. ಹೊಸದುರ್ಗದ ಸಾಮಾನ್ಯ ಜನ ಅದನ್ನು ಅಂದೇ ತೋರಿಸಿದರು. ಮುಂದಿನ ಸಲ ಮತ ಕೇಳಲು ಬಂದವರನ್ನು ಕೂಡಿಸಿ, ನೀರು ಕೊಡಿ, ಆಮೇಲೆ ಕೇಳಿ: ನಮಗಾಗಿ ನೀವು ಏನು ಬಿಟ್ಟಿರಿ? ಉತ್ತರ ಕೇಳಿದ ಮೇಲೆಯೇ ಮತ ಹಾಕಿ.