ಕಡಿದ ಎಳೆಯ ತುದಿ

ಬೆಟಗೇರಿಯ ಕೈಮಗ್ಗದಲ್ಲಿ ಎಳೆ ಕಡಿದರೆ ನೇಕಾರ ಲಾಳಿ ನಿಲ್ಲಿಸಿ ಮೊದಲು ಅದರ ತುದಿಯನ್ನು ಹುಡುಕುತ್ತಾನೆ. ಆ ಓಣಿಯಲ್ಲಿ ಬೆಳೆದ ನಾನು ಕಂಪ್ಯೂಟರಿನ ಮುಂದೆ ಈ ಪಾಠವನ್ನು ಮರೆತಿದ್ದೆ.

1997ರಲ್ಲಿ ರೂಪುಗೊಂಡ ಓಪನ್‌ಎಂಪಿಯ ನಿರ್ದೇಶನಗಳು ಒಂದು ಲೆಕ್ಕವನ್ನು ಹಲವು ಸಮಾಂತರ ಎಳೆಗಳಿಗೆ ಹಂಚುತ್ತವೆ. ಒಂದು ನಿರ್ದೇಶನದೊಳಗೆ ಇನ್ನೊಂದನ್ನಿಟ್ಟಾಗ, ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರೇ ಕುಸಿದುಬಿತ್ತು. ತಪ್ಪು ನನ್ನದೇ ಎಂದು ಮೂರು ದಿನ ಕೊರಗಿದೆ. ಆಮೇಲೆ ಪ್ರೋಗ್ರಾಮನ್ನು ಅರ್ಧರ್ಧ ಕತ್ತರಿಸುತ್ತ, ಪ್ರತಿ ಸಲವೂ ಕಂಪೈಲರಿಗೆ ಒಡ್ಡಿದೆ. ಹನ್ನೊಂದು ಸಾಲುಗಳು ಉಳಿದವು: ಹೊರವಲಯದ ಮೌಲ್ಯವನ್ನು ಒಳವಲಯಕ್ಕೆ ದಾಟಿಸುವಲ್ಲಿ ಕಂಪೈಲರ್ ಎಡವುತ್ತಿತ್ತು.

ಒಳ ನಿರ್ದೇಶನವನ್ನು ಕಿತ್ತೊಗೆದಿದ್ದರೆ ನನ್ನ ಕೆಲಸ ಸಾಗುತ್ತಿತ್ತು. ದೋಷ ಮಾತ್ರ ಇನ್ನೊಬ್ಬರ ದಾರಿ ಕಾಯುತ್ತಿತ್ತು. ಆ ಸಾಲುಗಳನ್ನು ಕಂಪೈಲರ್ ರಚಿಸಿದವರಿಗೆ ಕಳಿಸಿದೆ. ಎಳೆ ಕಡಿದಲ್ಲಿಯೇ ಗಂಟು ಹಾಕಬೇಕು.