ನರ್ಸ್ ಕೆಲಸದ ಜೊತೆ ಪದವಿ: ಶುಲ್ಕ ಕಟ್ಟುವ ಮೊದಲು



ಜಿ.ಎನ್.ಎಂ. ಮುಗಿಸಿ ಶಿವಮೊಗ್ಗ, ಮಂಗಳೂರಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಮುತ್ತಿನಕೊಪ್ಪದ ಕಡೆಯ ಹೆಣ್ಣುಮಕ್ಕಳು, ಕೆಲಸ ಬಿಡದೆ ಆನ್‌ಲೈನ್‌ನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮಾಡಬಹುದೇ ಎಂದು ಕೇಳುತ್ತಾರೆ. ಅವರ ಸಂಬಳದಿಂದಲೇ ಮನೆ ನಡೆಯುವಾಗ ಇದು ನ್ಯಾಯವಾದ ಪ್ರಶ್ನೆ.

ನರ್ಸಿಂಗ್ ರೋಗಿಯ ಹಾಸಿಗೆಯ ಬಳಿ ನಿಂತು ಕಲಿಯುವ ವಿದ್ಯೆ. ಅದನ್ನು ಆನ್‌ಲೈನ್ ಪದವಿಯಾಗಿ ನಡೆಸಲು ಯುಜಿಸಿಯ 2020ರ ನಿಯಮಗಳು ಬಿಡುವುದಿಲ್ಲ. ಉಳಿದ ದಾರಿ ಎರಡು. ಒಂದು, ಕಾಲೇಜಿಗೆ ಹೋಗಿ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವುದು. ಇನ್ನೊಂದು, ಸೇವೆಯಲ್ಲಿರುವ ನರ್ಸ್‌ಗಳಿಗೆಂದೇ ಇರುವ ಇಗ್ನೋದ 3 ವರ್ಷದ ಪೋಸ್ಟ್ ಬೇಸಿಕ್ ಕೋರ್ಸ್. ಅದಕ್ಕೆ ನರ್ಸ್ ನೋಂದಣಿ, ನೋಂದಣಿಯ ನಂತರ 2 ವರ್ಷದ ಅನುಭವ, ಪ್ರವೇಶ ಪರೀಕ್ಷೆ ಬೇಕು. ಪ್ರಾಯೋಗಿಕ ತರಬೇತಿಗೆ ಹಾಜರಾಗಲೇಬೇಕು. ರಜೆಯ ಬಗ್ಗೆ ಆಸ್ಪತ್ರೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಆನ್‌ಲೈನ್ ಬಿ.ಎ., ಬಿ.ಕಾಂ. ಕೂಡ ಪದವಿಯೇ, ಆದರೆ ನರ್ಸಿಂಗ್ ಪದವಿ ಕೇಳುವ ಹುದ್ದೆಗೆ ಅವು ಸಲ್ಲವು.

ಏಜೆಂಟರ ಮಾತಿಗಿಂತ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿ ನೋಡಿ. ದಾನಿಗಳ ಹಣ ನಮ್ಮ ಕೈಯಲ್ಲಿರುವ ಅಮಾನತ್. ಮಾನ್ಯತೆಯಿಲ್ಲದ ಸರ್ಟಿಫಿಕೇಟಿಗೆ ಅದನ್ನು ಕೊಡಲಾರೆವು. ಅರ್ಜಿಯ ಜೊತೆ ಮಾನ್ಯತೆಯ ಪ್ರತಿ, ನೋಂದಣಿಯ ಪ್ರತಿ ಲಗತ್ತಿಸಿ. ಸಂಶಯವಿದ್ದರೆ ಶುಲ್ಕ ಕಟ್ಟುವ ಮುನ್ನ ಕಚೇರಿಗೆ ಬನ್ನಿ, ಕೂತು ನೋಡೋಣ.